ನೇಪಾಳದ ಹುಡುಗರು, ಕುಂದಾಪುರದ ಭಟ್ಟರು, ಒಂದೇ ಅಡಿಗೆಮನೆ



ಇಬ್ಬರು ಹೋಟೆಲಿನವರು ಎಲ್ಲಿ ಸೇರಿದರೂ ಈಗ ಮಾತು ಹೋಗುವುದು ಎರಡೇ ವಿಷಯಕ್ಕೆ. ಒಂದು ಗ್ಯಾಸಿನ ರೇಟು, ಇನ್ನೊಂದು ಜನ. ಜನದ ಮಾತು ಬಂದ ಕೂಡಲೇ ಯಾರಾದರೂ ಒಬ್ಬರು "ನೇಪಾಳದವರನ್ನು ನಂಬುವ ಹಾಗಿಲ್ಲ ಮಾರಾಯ್ರೆ, ರಾತ್ರಿ ಇದ್ದವರು ಬೆಳಿಗ್ಗೆ ಇಲ್ಲ" ಎನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಒಂದು ಕಾಲದಲ್ಲಿ ನಾವೂ ಹೀಗೇ ಹೇಳುತ್ತಿದ್ದೆವು, ತಲೆಯಾಡಿಸುತ್ತಲೂ ಇದ್ದೆವು. ಈಗ ಹೇಳುವುದಿಲ್ಲ. ಯಾಕೆ ಎಂದು ಬರೆಯಲು ಸಂಘದವರು ಕೇಳಿದ್ದರಿಂದ ಈ ನಾಲ್ಕು ಮಾತು.

ನಾವು ಅಣ್ಣತಮ್ಮ ಇಬ್ಬರು ದಿಲ್ಲಿಯ ಪೀತಮ್‌ಪುರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದೇವೆ. ಹೋಟೆಲು ಹಾಕಿದ್ದು 2004ರಲ್ಲಿ, ಮೆಟ್ರೋ ರೈಲು ನಮ್ಮ ಕಡೆಯಿಂದ ರಿಠಾಲಾವರೆಗೆ ಓಡಲು ಶುರುವಾದ ವರ್ಷ. ಓದಿದ್ದು ಹತ್ತನೇ ಕ್ಲಾಸು. ಅದರ ಮೇಲಿನದ್ದೆಲ್ಲ ಗಲ್ಲೆಯ ಮೇಲೆ ಕೂತು ಕಲಿತದ್ದು. ಈಗ ನಮ್ಮಲ್ಲಿ 26 ಜನ ಇದ್ದಾರೆ. ನೇಪಾಳದವರು 11, ನಮ್ಮ ಕರಾವಳಿಯವರು 6, ಉಳಿದವರು ಬಿಹಾರ, ಗಢವಾಲ ಮತ್ತು ಡಾರ್ಜಿಲಿಂಗ್ ಕಡೆಯವರು. ದೋಸೆ ಕಾವಲಿಯ ಮುಂದೆ ನಿಂತಿರುವವನು ನೇಪಾಳದ ಅಛಾಮ್ ಜಿಲ್ಲೆಯವ. ಗಿರಾಕಿಗಳಿಗೆ ಅದು ಗೊತ್ತಿಲ್ಲ, ದೋಸೆ ಗರಿಗರಿಯಾಗಿದ್ದರೆ ಅವರಿಗೆ ಗೊತ್ತಾಗಬೇಕಾದ್ದೂ ಇಲ್ಲ.

ಹಿಂದೆ ನಮ್ಮ ಉದ್ಯಮದಲ್ಲಿ ಜನರನ್ನು ನೋಡಿಕೊಳ್ಳುವುದು ಒಂದು ವಿದ್ಯೆ ಎಂದು ಯಾರೂ ಹೇಳುತ್ತಿರಲಿಲ್ಲ. ಯಜಮಾನರು ಬೈಂದೂರಿನವರಾದರೆ ಭಟ್ಟರು ಶಿರೂರಿನವರು, ಸಪ್ಲಾಯರ್ ಮರವಂತೆಯವ, ಲೋಟ ತೊಳೆಯುವ ಮಾಣಿ ಯಜಮಾನರ ಅಕ್ಕನ ಮನೆಯ ಪಕ್ಕದವ. ಹುಡುಗ ತಪ್ಪು ಮಾಡಿದರೆ ಅವನ ಅಪ್ಪನಿಗೆ ಒಂದು ಕಾರ್ಡು ಬರೆದರೆ ಸಾಕಿತ್ತು. ಯಜಮಾನರು ತಪ್ಪು ಮಾಡಿದರೂ ಅಷ್ಟೇ, ಊರಿಗೆ ಹೋದಾಗ ದೇವಸ್ಥಾನದ ಅಂಗಳದಲ್ಲಿ ನಾಲ್ಕು ಜನ ಕೇಳುತ್ತಿದ್ದರು. ಬೈದರೂ ಬಡಿಸಿದರೂ ಎಲ್ಲ ಊರಿನ ಹಗ್ಗದಲ್ಲಿ ಕಟ್ಟಿದ್ದಾಗಿತ್ತು. ಕಾರ್ಕಳ ಕಡೆಯ ಜಯರಾಮ ಬನಾನ್ ಅವರು 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ 'ಸಾಗರ್' ತೆರೆದ ಮೇಲೆ ದಿಲ್ಲಿಯವರಿಗೆ ದೋಸೆಯ ರುಚಿ ಹತ್ತಿತು, ನಮ್ಮಂಥ ಎಷ್ಟೋ ಮಂದಿ ಆ ಹಾದಿ ಹಿಡಿದು ಬಂದೆವು. ಬರುವಾಗ ನಾವು ತಂದದ್ದು ಆ ಹಗ್ಗವನ್ನೇ.

ಆಮೇಲೆ ಊರಿನ ಹುಡುಗರು ಬರುವುದು ನಿಂತಿತು. ಓದಿದವರು ಬೆಂಗಳೂರಿಗೆ, ಓದದವರು ದುಬೈಗೆ. ತಪ್ಪೇನೂ ಇಲ್ಲ, ನಮ್ಮ ಮಕ್ಕಳನ್ನೇ ನಾವು ಗ್ರೈಂಡರ್ ಮುಂದೆ ನಿಲ್ಲಿಸಿಲ್ಲ. ಆ ಜಾಗಕ್ಕೆ ನೇಪಾಳದವರು ಬಂದರು. ಭಾರತ ಮತ್ತು ನೇಪಾಳದ ನಡುವೆ 1950ರ ಜುಲೈ 31ರಂದು ಆದ ಒಪ್ಪಂದದ ಪ್ರಕಾರ ಎರಡು ದೇಶದವರೂ ಇನ್ನೊಂದು ದೇಶದಲ್ಲಿ ವಾಸ ಮಾಡಬಹುದು, ದುಡಿಯಬಹುದು. ವೀಸಾ ಬೇಡ, ಪರ್ಮಿಟ್ ಬೇಡ. ಸಂಜೆ ಆನಂದ ವಿಹಾರದ ಬಸ್ ಹತ್ತಿದರೆ ಬೆಳಿಗ್ಗೆ ಬನ್‌ಬಸಾ, ಮಹಾಕಾಳಿ ನದಿ ದಾಟಿದರೆ ಅವರ ದೇಶ. ಇಷ್ಟು ಸಲೀಸಾಗಿರುವುದರಿಂದಲೇ ನಾವು ಮೋಸ ಹೋಗುತ್ತೇವೆ. ಹಣೆಗೆ ಕುಂಕುಮ ಇಡುತ್ತಾನೆ, ಹಿಂದಿ ಮಾತಾಡುತ್ತಾನೆ, ಎಂಜಲಿಗೆ 'ಜೂಠೋ' ಅಂತ ಹೇಸುತ್ತಾನೆ. ಹಾಗಾದರೆ ನಮ್ಮವನೇ ಎಂದುಕೊಳ್ಳುತ್ತೇವೆ. ಅವನು ಬೇರೆ ದೇಶದವನು ಎಂಬುದು ನೆನಪಾಗುವುದು ಅವನು ಎದ್ದು ಹೋದ ಮೇಲೆ.

ನಮಗೆ ನೆನಪಾದದ್ದು 2007ರ ಅಕ್ಟೋಬರಿನಲ್ಲಿ. ನವರಾತ್ರಿಯ ನಡುವಿನ ದಿನ. ಪೀತಮ್‌ಪುರದಲ್ಲಿ ಆ ಒಂಬತ್ತು ದಿನ ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡಿಗೆಗೆ ಎಷ್ಟು ಬೇಡಿಕೆ ಎಂದು ದಿಲ್ಲಿಯ ಬಂಧುಗಳಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ನೋಡಿದರೆ ಆರು ಹುಡುಗರು ಇಲ್ಲ. ಗ್ರೈಂಡರಿನವ ಇಲ್ಲ, ದೋಸೆಗೆ ಕೈ ಕೊಡುವ ಇಬ್ಬರು ಇಲ್ಲ, ಪಾತ್ರೆಯ ಕಡೆ ಯಾರೂ ಇಲ್ಲ. ಶಕೂರ್‌ಪುರದ ರೂಮಿಗೆ ಓಡಿದೆವು. ಚಾಪೆ ಸುತ್ತಿ ಇಟ್ಟಿದ್ದರು, ನೆಲ ಗುಡಿಸಿದ್ದರು. ಮೊದಲು ಕಳ್ಳತನದ ಯೋಚನೆ ಬಂತು. ಗಲ್ಲೆ, ಸ್ಟೋರು, ಬೆಳ್ಳಿಯ ದೀಪ ಎಲ್ಲ ನೋಡಿದೆವು. ಒಂದು ಚಮಚವೂ ಹೋಗಿರಲಿಲ್ಲ. ಅಷ್ಟೇ ಅಲ್ಲ, ಆ ತಿಂಗಳ ಹದಿನೇಳು ದಿನದ ಸಂಬಳವನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದರು.

ಆ ದಿನ ಸಿಟ್ಟಿನಲ್ಲಿ ಅದು ತಲೆಗೆ ಹೋಗಲಿಲ್ಲ. ಅಣ್ಣ ಕಾವಲಿಗೆ ನಿಂತ, ನಾವು ಪಾತ್ರೆ ತೊಳೆದೆವು, ಹೆಂಡತಿಯರು ಬಂದು ತರಕಾರಿ ಹೆಚ್ಚಿದರು. ಮಧ್ಯಾಹ್ನದ ಊಟ ನಿಲ್ಲಿಸಿದೆವು. ಎಂಟು ದಿನ ಹಾಗೇ ನಡೆಯಿತು. ಆಮೇಲೆ ಲೆಕ್ಕದ ಪುಸ್ತಕ ಬರೆಯುವಾಗ ಆ ಸಂಬಳದ ಸಾಲು ಕಣ್ಣಿಗೆ ಬಿತ್ತು. ದುಡ್ಡಿಗಾಗಿಯೇ ಮನೆ ಬಿಟ್ಟು ಬಂದ ಬಡವನು ದುಡ್ಡು ಬಿಟ್ಟು ಹೋಗಬೇಕಾದರೆ ಅಲ್ಲಿ ಏನೋ ದೊಡ್ಡದು ಇರಲೇಬೇಕು.

ಇತ್ತು. ನಮಗೆ ದಸರಾ ಎಷ್ಟೋ ಅದರ ಹತ್ತು ಪಾಲು ಅವರಿಗೆ ದಶೈಂ. ಘಟಸ್ಥಾಪನೆಯ ದಿನ ಬಾರ್ಲಿ ಬಿತ್ತುತ್ತಾರೆ, ಹತ್ತನೇ ದಿನಕ್ಕೆ ಅದು ಹಳದಿ ಮೊಳಕೆಯಾಗಿ ಏಳುತ್ತದೆ. ಅದಕ್ಕೆ ಜಮರಾ ಎನ್ನುತ್ತಾರೆ. ವಿಜಯದಶಮಿಯಿಂದ ಹುಣ್ಣಿಮೆಯವರೆಗೆ ಮನೆಯ ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿ ಕಿರಿಯರ ಹಣೆಗೆ ಟೀಕಾ ಇಟ್ಟು, ಜಮರಾ ಮುಡಿಸಿ ಹರಸುತ್ತಾರೆ. ಎಲ್ಲೆಲ್ಲೋ ದುಡಿಯುವವರು ಅದಕ್ಕಾಗಿ ಗುಡ್ಡ ಹತ್ತಿ ಹೋಗುತ್ತಾರೆ. ನಮ್ಮ ಕಡೆ ಹೊಸ ಕದಿರು ಕಟ್ಟುವ ದಿನ ಮನೆಯಲ್ಲಿ ಎಲ್ಲರೂ ಇರಬೇಕು ಎಂದು ಅಜ್ಜಿಯರು ಹಟ ಹಿಡಿಯುತ್ತಿದ್ದರಲ್ಲ, ಹಾಗೆ. ನಾವು ಅವರಿಗೆ "ದಸರಾ, ದೀಪಾವಳಿ ಎರಡೂ ಮುಗಿಯಲಿ, ಆಮೇಲೆ ಹೋಗಿ" ಎಂದಿದ್ದೆವು. ಅವರು "ಹುಂಛ" ಎಂದಿದ್ದರು. ಒಪ್ಪಿದರು ಎಂದು ನಾವು ತಿಳಿದೆವು.

ಈ 'ಹುಂಛ' ಎಂಬ ಒಂದು ಮಾತು ಕಲಿಯಲು ನಮಗೆ ಮೂರು ವರ್ಷ ಬೇಕಾಯಿತು. ನೇಪಾಳಿಯಲ್ಲಿ ಅದರ ಅರ್ಥ 'ಆಗುತ್ತದೆ, ಆಗಲಿ'. ಆದರೆ ಯಜಮಾನನ ಎದುರು ನಿಂತ ಹುಡುಗ ಅದನ್ನು ಹೇಳಿದರೆ 'ನೀವು ಹೇಳಿದ್ದು ಕೇಳಿಸಿತು' ಎಂದು ಮಾತ್ರ ಅರ್ಥ. ಇಲ್ಲ ಎನ್ನಲು 'ಹುಂದೈನ' ಎಂಬ ಮಾತಿದೆ, ದೊಡ್ಡವರ ಮುಖಕ್ಕೆ ಅದನ್ನು ಹೇಳುವುದು ಅವರಿಗೆ ಬಹಳ ಕಷ್ಟ. ನಮ್ಮ ಊರಿನ ಹುಡುಗ ರಜೆ ಸಿಗದಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಲೋಟ ಕುಕ್ಕುತ್ತಾನೆ, ಆಗ ನಮಗೆ ಗೊತ್ತಾಗುತ್ತದೆ. ಇವರು ಕುಕ್ಕುವುದಿಲ್ಲ. ನೆಲ ಗುಡಿಸಿಟ್ಟು ಹೋಗುತ್ತಾರೆ.

ಕೆಲಸದಲ್ಲೂ ಇದೇ ತೊಂದರೆ. ದಿಲ್ಲಿಯ ಡಿಸೆಂಬರ್ ಚಳಿಯಲ್ಲಿ ಹಿಟ್ಟು ತಾನಾಗಿ ಉಬ್ಬುವುದಿಲ್ಲ. ಹೊತ್ತಿಗೆ ಮೊದಲೇ ರುಬ್ಬಿ, ಭಟ್ಟಿಯ ಪಕ್ಕದ ಗೋಡೆಗೆ ತಾಗಿಸಿ, ಗೋಣಿ ಹೊದಿಸಿ ಇಡಬೇಕು. ಹೊಸ ಹುಡುಗನಿಗೆ ಭಟ್ಟರು ತಮ್ಮ ಹಿಂದಿಯಲ್ಲಿ ಹೇಳಿದರು, "ಸಮಝಾ?" ಎಂದು ಕೇಳಿದರು, ಅವನು "ಹುಂಛ" ಎಂದ. ಬೆಳಿಗ್ಗೆ ನೋಡಿದರೆ ಎರಡು ಡ್ರಮ್ಮು ಹಿಟ್ಟು ಹಿಂದಿನ ಬಾಗಿಲ ಹತ್ತಿರ ಮಂಜುಗಡ್ಡೆಯ ಹಾಗೆ ಕೂತಿದೆ. ಭಾನುವಾರ ಬೇರೆ. ಅಂದಿನಿಂದ "ತಿಳಿಯಿತಾ" ಎಂಬ ಪ್ರಶ್ನೆಯನ್ನೇ ನಮ್ಮ ಅಡಿಗೆಮನೆಯಲ್ಲಿ ನಿಲ್ಲಿಸಿದ್ದೇವೆ. "ಹೇಗೆ ಮಾಡುತ್ತೀ, ತೋರಿಸು" ಎನ್ನುತ್ತೇವೆ. ಅವನು ಡ್ರಮ್ಮು ಎತ್ತಿ ಸರಿಯಾದ ಜಾಗದಲ್ಲಿ ಇಟ್ಟರೆ ತಿಳಿದಿದೆ, ಇಲ್ಲದಿದ್ದರೆ ಇಲ್ಲ. ರಜೆ ವಿಷಯಕ್ಕೂ ಹಾಗೇ. "ದಶೈಂಗೆ ಹೋಗುತ್ತೀಯಾ" ಎಂದು ಕೇಳುವುದಿಲ್ಲ. "ಯಾವ ದಿನದ ಬಸ್ಸು" ಎಂದು ಕೇಳುತ್ತೇವೆ.

ಓಡಿ ಹೋದ ಆರು ಜನರಲ್ಲಿ ಒಬ್ಬ ಫೆಬ್ರವರಿಯಲ್ಲಿ ಹಿಂದೆ ಬಂದ. ಸಂಬಳ ಕೇಳಲಿಕ್ಕಲ್ಲ, ಕೆಲಸ ಉಂಟಾ ಎಂದು ಕೇಳಲಿಕ್ಕೆ. ನಾವು ಮೊದಲು ಅವನ ಹದಿನೇಳು ದಿನದ ದುಡ್ಡು ಎಣಿಸಿ ಕೊಟ್ಟೆವು. ಅದನ್ನು ನೋಡಿ ಅವನು ಬಾಯಿಬಿಟ್ಟ. ರಜೆ ಒಂದೇ ಕಾರಣವಲ್ಲ, ಭಟ್ಟರು ಎಲ್ಲರನ್ನೂ 'ಬಹದ್ದೂರ್' ಎಂದು ಕರೆಯುತ್ತಿದ್ದದ್ದೂ ಕಾರಣ ಎಂದ.

ನಮಗೆ ಆಶ್ಚರ್ಯವಾಯಿತು. ಬಹದ್ದೂರ್ ಎಂದರೆ ಶೂರ, ಅದರಲ್ಲಿ ಬೈಗುಳ ಎಲ್ಲಿ ಬಂತು? ಅವನು ಹೇಳಿದ್ದು ಇಷ್ಟೇ: "ಸಾಹುಜಿ, ಆರು ಜನ ಇದ್ದೇವೆ. ಆರು ಜನಕ್ಕೂ ಒಂದೇ ಹೆಸರಾ?" ಬಹದ್ದೂರ್ ಎನ್ನುವುದು ಹಲವರ ಹೆಸರಿನ ನಡುವೆ ಬರುತ್ತದೆ, ಎಲ್ಲರ ಹೆಸರಲ್ಲಿ ಇಲ್ಲ. ದಿಲ್ಲಿಯಲ್ಲಿ ಚೌಕೀದಾರನಿಗೂ ಬಹದ್ದೂರ್, ಪಾತ್ರೆ ತೊಳೆಯುವವನಿಗೂ ಬಹದ್ದೂರ್.

ಆಗ ನಮಗೆ ನೆನಪಾದದ್ದು ನಮ್ಮದೇ ಕಥೆ. 1989ರಲ್ಲಿ ನಾವು ದಿಲ್ಲಿಗೆ ಬಂದು ಒಬ್ಬರ ಕೈಕೆಳಗೆ ಟೇಬಲ್ ಒರೆಸುತ್ತಿದ್ದಾಗ ಇಡೀ ಬೀದಿ ನಮ್ಮನ್ನು 'ಮದ್ರಾಸಿ' ಎಂದು ಕರೆಯುತ್ತಿತ್ತು. ಮದ್ರಾಸನ್ನು ನಾವು ಕಣ್ಣಿಂದ ನೋಡಿರಲಿಲ್ಲ. ಉಡುಪಿ ಎಂದರೆ ಗೊತ್ತಿಲ್ಲ, ಕರ್ನಾಟಕ ಎಂದರೆ "ಅದೇ, ಮದ್ರಾಸ್" ಎನ್ನುತ್ತಿದ್ದರು. ರಾತ್ರಿ ಮಲಗುವಾಗ ಅದು ಎಷ್ಟು ಕುಟುಕುತ್ತಿತ್ತು ಎಂದು ನಮಗೆ ಗೊತ್ತು. ಅದೇ ನಾವು ಹದಿನೆಂಟು ವರ್ಷ ಕಳೆದು ಯಜಮಾನರ ಜಾಗದಲ್ಲಿ ಕೂತು ಇನ್ನೊಬ್ಬರಿಗೆ ಅದನ್ನೇ ಮಾಡುತ್ತಿದ್ದೆವು.

ಭಟ್ಟರಿಗೆ ಹೇಳುವುದು ಸುಲಭವಿರಲಿಲ್ಲ. ಅವರು ಕುಂದಾಪುರದವರು, ನಮಗಿಂತ ಹಿರಿಯರು, ಕೈ ಬಂಗಾರ, ನಾಲಗೆ ಮೆಣಸು. "ಹೆಸರು ನೆನಪಿಟ್ಟುಕೊಳ್ಳುವುದೇ ಕೆಲಸವಾ ನಂಗೆ" ಎಂದು ಬಾಣಲೆ ಕುಕ್ಕಿದರು. ಅವರನ್ನು ಕಳೆದುಕೊಳ್ಳುವ ಹಾಗೂ ಇರಲಿಲ್ಲ. ಕೊನೆಗೆ ಹುಡುಗರ ಏಪ್ರನ್ನಿನ ಮೇಲೆ ಹೆಸರು ಹೊಲಿಸಿದೆವು, ಭಟ್ಟರಿಗಾಗಿ ಕನ್ನಡ ಅಕ್ಷರದಲ್ಲಿ. ಗಿರಾಕಿಗಳಿಗೆ ಅದೇನೋ ದಕ್ಷಿಣದ ಮಂತ್ರ ಬರೆದ ಹಾಗೆ ಕಾಣುತ್ತಿತ್ತು. ಆದರೆ ತಿಂಗಳೊಳಗೆ ಭಟ್ಟರ ಬಾಯಲ್ಲಿ ಹೆಸರು ಬಂತು. ಬೈಗುಳ ನಿಲ್ಲಲಿಲ್ಲ, ಅದು ಅವರ ಜೊತೆಗೇ ಹುಟ್ಟಿದ್ದು. ಆದರೆ ಹೆಸರು ಹಿಡಿದು ಬೈಸಿಕೊಳ್ಳುವುದಕ್ಕೂ ಹೆಸರಿಲ್ಲದೆ ಬೈಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ತಾಯಿ ತಂಗಿಯ ಬೈಗುಳ ಮತ್ತು ಕೈ ಎತ್ತುವುದು ಮಾತ್ರ ಯಾರಿಗೂ ಇಲ್ಲ ಎಂದು ಗಟ್ಟಿ ಮಾಡಿದೆವು. ತುಳುವಿನಲ್ಲಿ ಈ ಮತ್ತು ಈರ್ ಇರುವ ಹಾಗೆ ಅವರಲ್ಲಿ ಮೂರು ಮೆಟ್ಟಿಲಿದೆ, ತ, ತಿಮಿ, ತಪಾಯಿಂ. ಹಿಂದಿಯ 'ತೂ' ಅವರ ಕಿವಿಗೆ ಕೆಳಗಿನ ಮೆಟ್ಟಿಲಾಗಿ ಬೀಳುತ್ತದೆ. ನಾವು ಚಿಕ್ಕವರಿಗೂ 'ತುಮ್' ಎನ್ನುತ್ತೇವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಡಾರ್ಜಿಲಿಂಗಿನವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರ ಮಾತು ನೇಪಾಳಿ, ಆದರೆ ಅವರು ಭಾರತದವರೇ. "ನಿಮ್ಮ ದೇಶದಲ್ಲಿ" ಎಂದು ಅವರಿಗೆ ಹೇಳಿದರೆ ಎದೆಗೆ ಒದ್ದ ಹಾಗೆ. ನೇಪಾಳಿ ಭಾಷೆ ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ, ಕೊಂಕಣಿ ಸೇರಿದ ತಿದ್ದುಪಡಿಯಲ್ಲೇ. ನಮ್ಮ ಕೊಂಕಣಿ ಬಂಧುಗಳಿಗೆ ಇದು ನೆನಪಿರಲಿ.

ಇನ್ನು ದುಡ್ಡಿನ ವಿಷಯ. ಇದರಲ್ಲಿ ನಾವು ತಪ್ಪು ಮಾಡಿದ್ದೇವೆ, ಹೇಳಿಯೇ ಬಿಡುತ್ತೇವೆ.

ನೇಪಾಳದ ಹುಡುಗರು ಒಬ್ಬೊಬ್ಬರಾಗಿ ಬರುವುದಿಲ್ಲ. ಒಬ್ಬ ದಾಯ್ ಇರುತ್ತಾನೆ. ದಾಯ್ ಎಂದರೆ ಅಣ್ಣ. ಒಡಹುಟ್ಟಿದ ಅಣ್ಣನೇ ಆಗಬೇಕಿಲ್ಲ, ಒಂದೇ ಊರಿನ ಹಿರಿಯ. ಅವನು ಕರೆತರುತ್ತಾನೆ, ಕಲಿಸುತ್ತಾನೆ, ಜಗಳ ಬಿಡಿಸುತ್ತಾನೆ, ಅವನು ಹೊರಟರೆ ಎಲ್ಲರೂ ಹೊರಡುತ್ತಾರೆ. ಇದನ್ನು ಕಂಡಾಗ ನಮಗೆ ಖುಷಿಯಾಗಿತ್ತು. ಕಡಿದುಹೋದ ನಮ್ಮ ಹಳೆಯ ಹಗ್ಗ ಇವರಲ್ಲಿ ಹಾಗೇ ಉಂಟಲ್ಲ ಎಂದುಕೊಂಡು, ಎಲ್ಲರ ಸಂಬಳವನ್ನೂ ದಾಯ್ ಕೈಗೇ ಕೊಟ್ಟು ನಿಶ್ಚಿಂತೆಯಾಗಿದ್ದೆವು. ಎರಡು ವರ್ಷ ಹಾಗೆ ನಡೆಯಿತು. ಒಂದು ದಿನ ಪಾತ್ರೆಯ ಹುಡುಗನಿಗೆ ಊರಿಂದ ಫೋನು ಬಂತು. ತಂಗಿಯ ಮದುವೆ, ದುಡ್ಡು ಯಾಕೆ ಕಳಿಸುತ್ತಿಲ್ಲ ಎಂದು ತಾಯಿ ಅಳುತ್ತಿದ್ದಳಂತೆ. ಲೆಕ್ಕ ಹಾಕಿದರೆ ನಾವು ಕೊಟ್ಟದ್ದರಲ್ಲಿ ಅರ್ಧವೂ ಮನೆ ಮುಟ್ಟಿರಲಿಲ್ಲ. ಬರುವಾಗಿನ ಸಾಲ, ಅದಕ್ಕೆ ಬಡ್ಡಿ, ರೂಮಿನ ಪಾಲು ಎಂದೆಲ್ಲ ದಾಯ್ ಮುರಿದುಕೊಂಡಿದ್ದ. ದಾಯ್‌ಯನ್ನು ಕಳಿಸಿದೆವು. ಅವನ ಜೊತೆ ಮೂರು ಜನ ಹೋದರು, ಅದರಲ್ಲಿ ಮೋಸ ಹೋದ ಹುಡುಗನೂ ಒಬ್ಬ! ಊರಿನಲ್ಲಿ ಅವನ ಮನೆ ದಾಯ್ ಮನೆಯ ಪಕ್ಕದಲ್ಲೇ ಇತ್ತು, ಅವನಿಗೆ ಬೇರೆ ದಾರಿ ಇರಲಿಲ್ಲ. ಹಗ್ಗ ಕಟ್ಟಿಹಾಕುವುದೂ ಹೌದು ಎಂದು ಅಂದು ತಿಳಿಯಿತು. ಆ ಹುಡುಗನ ದುಡ್ಡಿನಲ್ಲಿ ನಮ್ಮ ಕೈಯಿಂದ ಆದಷ್ಟನ್ನು ತುಂಬಿಕೊಟ್ಟೆವು. ಪೂರ್ತಿ ತುಂಬಿದೆವು ಎಂದು ಹೇಳಿಕೊಳ್ಳಲಾರೆವು.

ಈಗ ದಾಯ್ ಇದ್ದಾನೆ, ಬೇರೆಯವನು. ಕೆಲಸ ಹಂಚುವುದಕ್ಕೆ, ರಜೆಗೆ, ಜಗಳಕ್ಕೆ ಅವನೇ. ದುಡ್ಡು ಮಾತ್ರ ಅವನ ಕೈಗೆ ಹೋಗುವುದಿಲ್ಲ. ಊರಿಗೆ ಕಳಿಸುವುದು ಹೇಗೆ ಎಂಬ ಪ್ರಶ್ನೆಗೆ ರಿಸರ್ವ್ ಬ್ಯಾಂಕು 2008ರಲ್ಲಿ ಭಾರತ-ನೇಪಾಳ ಹಣ ರವಾನೆ ಯೋಜನೆ ಶುರು ಮಾಡಿದೆ. ಎನ್‌ಇಎಫ್‌ಟಿ ಇರುವ ಬ್ಯಾಂಕ್ ಶಾಖೆಯಿಂದ ನೇಪಾಳ ಎಸ್‌ಬಿಐ ಬ್ಯಾಂಕಿನ ಮೂಲಕ ಮನೆಯವರಿಗೆ ದುಡ್ಡು ಮುಟ್ಟುತ್ತದೆ. ಮೊದಲು ಒಮ್ಮೆಗೆ 50,000 ರೂಪಾಯಿ ಮಿತಿ ಇತ್ತು, 2021ರಲ್ಲಿ ಅದನ್ನು 2 ಲಕ್ಷಕ್ಕೆ ಏರಿಸಿದರು. ಅಲ್ಲಿಯ ಲೆಕ್ಕದಲ್ಲಿ ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ ಅರವತ್ತು ಪೈಸೆ, 1993ರಿಂದ ಬದಲಾಗಿಲ್ಲ. ಮೊದಲ ಸಲ ಹುಡುಗನ ಜೊತೆ ನೀವೇ ಬ್ಯಾಂಕಿಗೆ ಹೋಗಿ. ಒಬ್ಬನೇ ಹೋದರೆ ಕಾಗದ ಸರಿ ಇಲ್ಲ ಎಂದು ನಾಲ್ಕು ಸಲ ಓಡಾಡಿಸುತ್ತಾರೆ, ಐದನೇ ಸಲ ಅವನು ದುಡ್ಡನ್ನು ಯಾರದೋ ಜೇಬಿನಲ್ಲಿ ಕಳಿಸುತ್ತಾನೆ. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತದ ನೋಟುಗಳನ್ನು ನಿಷೇಧಿಸಿದಾಗ ಊರಿಗೆ ಹೊರಟ ಹುಡುಗರು ಐನೂರರ ನೋಟು ಹಿಡಿದು ಪೆಚ್ಚಾಗಿ ನಿಂತಿದ್ದರು. ನಾವು ಗಲ್ಲೆಯ ನೂರರ ನೋಟುಗಳನ್ನೆಲ್ಲ ಅವರಿಗೆ ಕೊಟ್ಟು ವಾರವಿಡೀ ಚಿಲ್ಲರೆಗೆ ಪರದಾಡಿದೆವು.

ಕಾಗದಪತ್ರದ ವಿಷಯದಲ್ಲಿ ಒಂದು ಎಚ್ಚರ. ನೇಪಾಳದ ಪಂಚಾಂಗ ವಿಕ್ರಮ ಸಂವತ್ಸರದ್ದು, ನಮ್ಮ ಇಸವಿಗಿಂತ 57 ವರ್ಷ ಮುಂದೆ (ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಹುಟ್ಟಿದವರಿಗೆ 56). 2014ರಲ್ಲಿ ಒಬ್ಬ ಹುಡುಗನನ್ನು "ಹದಿನೆಂಟು ತುಂಬಿದೆ" ಎಂದು ಕರೆತಂದರು. ಅವರ ಪೌರತ್ವದ ಕಾಗದಕ್ಕೆ ನಾಗರಿಕತಾ ಎನ್ನುತ್ತಾರೆ, ಹದಿನಾರು ತುಂಬಿದ ಮೇಲೆ ಕೊಡುತ್ತಾರೆ. ಇವನಲ್ಲಿ ಅದಿಲ್ಲ, ಶಾಲೆಯ ಕಾಗದ ಮಾತ್ರ. ಹುಟ್ಟಿದ್ದು 2058. ಮೊದಲು ನಗು ಬಂತು, ಇನ್ನೂ ಹುಟ್ಟದವನು ಕೆಲಸಕ್ಕೆ ಬಂದಿದ್ದಾನೆ ಎಂದು. 57 ಕಳೆದರೆ 2001. ಹುಡುಗನಿಗೆ ಹದಿಮೂರು ವರ್ಷ. ನಗು ಅಲ್ಲಿಗೇ ನಿಂತಿತು. ಹದಿನಾಲ್ಕು ತುಂಬದವರನ್ನು ಹೋಟೆಲು, ಢಾಬಾಗಳಲ್ಲಿ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಿದ್ದರು. ಕಾನೂನು ಬಿಡಿ, ನಮ್ಮ ಸಣ್ಣ ಮಗನಿಗೂ ಆಗ ಅಷ್ಟೇ ವಯಸ್ಸು. ಊಟ ಹಾಕಿ, ಬಸ್ ಚಾರ್ಜು ಕೊಟ್ಟು, ಬನ್‌ಬಸಾವರೆಗೆ ಜೊತೆ ಮಾಡಿ ಕಳಿಸಿದೆವು. ಹಾಗಾಗಿ ಪೊಲೀಸ್ ವೆರಿಫಿಕೇಶನ್ನಿಗೆ ಕೊಡುವ ಮೊದಲು ಈ ಕಳೆಯುವ ಲೆಕ್ಕವನ್ನು ಯಜಮಾನರೇ ಮಾಡಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಕೆಲಸಕ್ಕೆ ಸೇರಿದ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಹುಡುಗರು ಅದನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಳ್ಳುತ್ತಾರೆ. ಊರಿನಲ್ಲಿ ತೋರಿಸಲು ಅವರಿಗೆ ಅದೊಂದು ಮರ್ಯಾದೆ.

ಸ್ಟಾಫ್ ಊಟದ ಜಗಳ ಬೇರೆ. ನಮ್ಮವರಿಗೆ ಕುಚ್ಚಲಕ್ಕಿ ಅನ್ನ ಬೇಕು, ನೇಪಾಳದವರಿಗೆ ಅದು ಬೇಯದ ಹಾಗೆ ಕಾಣುತ್ತದೆ. ಅವರಿಗೆ ಬೆಳ್ತಿಗೆ ಅನ್ನ, ತೆಳ್ಳನೆ ದಾಲ್, ಒಂದು ತರಕಾರಿ. ಬಿಹಾರದವರಿಗೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಉಳಿದ ಸಾಂಬಾರು, ಉಳಿದ ಇಡ್ಲಿ ಹಾಕಿದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮೂರು ತಿಂಗಳಲ್ಲಿ ಬೇರೆ ಹೋಟೆಲು ನೋಡುತ್ತಾರೆ. ಈಗ ವಾರಕ್ಕೆ ಒಬ್ಬೊಬ್ಬ ಕಡೆಯವರು ಸ್ಟಾಫ್ ಅಡಿಗೆ ಮಾಡುತ್ತಾರೆ, ಅಕ್ಕಿ ಎರಡು ಬಗೆ. ಮೀನು ಮಾಂಸದ ಆಸೆ ಎಲ್ಲರಿಗೂ ಇದೆ. ಹೋಟೆಲಿನಲ್ಲಂತೂ ಸಾಧ್ಯವಿಲ್ಲ, ರೂಮಿನ ಹಿಂದಿನ ಮಾಲೀಕರು ಜೈನರು. ನಮ್ಮ ಮಲ್ಪೆಯ ಹುಡುಗ ಒಮ್ಮೆ ಒಣಮೀನು ಸುಟ್ಟು ಇಡೀ ಗಲ್ಲಿಯನ್ನು ಎಬ್ಬಿಸಿದ ಮೇಲೆ ರೂಮು ಬದಲಿಸಿದೆವು.

ರಜೆಯ ಲೆಕ್ಕ ನಮಗೆ ಬಹಳ ಉಪಯೋಗಕ್ಕೆ ಬಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಎಲ್ಲರೂ ಒಂದೇ ಊರಿನವರಾಗಿದ್ದಾಗ ಚೌತಿ ಬಂದರೆ ಅರ್ಧ ಹೋಟೆಲು ಖಾಲಿಯಾಗುತ್ತಿತ್ತು. ಈಗ ಜನ ಐದು ಬಗೆಯವರು, ಹಬ್ಬಗಳೂ ಐದು ಕಡೆ ಹಂಚಿವೆ. ನಮ್ಮ ಕರಾವಳಿಯವರಿಗೆ ಅಷ್ಟಮಿ, ಚೌತಿ, ಆಮೇಲೆ ಮದುವೆ, ನೇಮ, ಕೋಲ ಎಂದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಗಢವಾಲದವರು ಮೇ-ಜೂನ್‌ನಲ್ಲಿ ಊರ ದೇವರ ಪೂಜೆಗೆ ಹೋಗುತ್ತಾರೆ. ಬಿಹಾರದವರಿಗೆ ದೀಪಾವಳಿಗಿಂತ ಆರು ದಿನ ಕಳೆದು ಬರುವ ಛಠ್ ದೊಡ್ಡದು, ಹಾಗಾಗಿ ದೀಪಾವಳಿಗೆ ಅವರು ಸಿಗುತ್ತಾರೆ. ನೇಪಾಳದವರಿಗೆ ದಶೈಂ ಅಥವಾ ತಿಹಾರ್. ತಿಹಾರ್ ಎಂದರೆ ನಮ್ಮ ದೀಪಾವಳಿಯ ಹೊತ್ತಿನ ಐದು ದಿನ. ಒಂದು ದಿನ ಕಾಗೆಗೆ, ಒಂದು ದಿನ ನಾಯಿಗೆ ಪೂಜೆ, ಕೊನೆಯ ದಿನ ಅಕ್ಕತಂಗಿಯರು ಭಾಯಿ ಟೀಕಾ ಇಡುತ್ತಾರೆ. ಅರ್ಧ ಜನ ದಶೈಂಗೆ, ಅರ್ಧ ಜನ ತಿಹಾರ್‌ಗೆ, ಮುಂದಿನ ವರ್ಷ ಅದಲುಬದಲು. ಪಶ್ಚಿಮ ನೇಪಾಳದವರಿಗೆ ಅಷ್ಟಮಿಯ ಸುತ್ತಮುತ್ತ ಗೌರಾ ಹಬ್ಬವೂ ಉಂಟು, ಬೇಕಾದವರು ದಶೈಂ ಬಿಟ್ಟು ಅದನ್ನು ಹಿಡಿಯಬಹುದು. ಹೆಸರು ಬರೆಯುವುದು ಜುಲೈಯಲ್ಲಿ, ಗಲ್ಲೆಯ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ, ಎಲ್ಲರ ಕಣ್ಣೆದುರು. ಹತ್ತು ದಿನದ ರಜೆ ಕೊಡುವುದು ಕೊಡದ ಹಾಗೆ. ಬನ್‌ಬಸಾ ದಾಟಿ ಮಹೇಂದ್ರನಗರಕ್ಕೆ ಹೋಗಿ, ಅಲ್ಲಿಂದ ಗುಡ್ಡದ ಬಸ್ಸು ಹಿಡಿದು, ಆಮೇಲೆ ನಡೆದು ಮನೆ ಸೇರಬೇಕು. ಹೋಗಿ ಬರುವುದರಲ್ಲೇ ನಾಲ್ಕೈದು ದಿನ ಕಳೆಯುತ್ತದೆ. ನಾವು 25 ದಿನ ಕೊಡುತ್ತೇವೆ. ಹೋಗುವ ಚಾರ್ಜು ಹೋಗುವಾಗ, ಬರುವ ಚಾರ್ಜು ಬಂದ ಮೇಲೆ. 2007ರ ನಂತರ ನವರಾತ್ರಿಯಲ್ಲಿ ನಮ್ಮ ಹೋಟೆಲಿನ ಮಧ್ಯಾಹ್ನದ ಊಟ ನಿಂತಿಲ್ಲ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ನಮ್ಮ ದೊಡ್ಡ ಮಗ ಒಂದು ಪಾಠ ತೋರಿಸಿದ್ದ. ಹಾಲೆಂಡಿನ ಹೋಫ್‌ಸ್ಟೆಡ್ ಎಂಬುವರು ಐಬಿಎಂ ಕಂಪನಿಯ ನೌಕರರನ್ನು ಸುಮಾರು 40 ದೇಶಗಳಲ್ಲಿ ಪ್ರಶ್ನೆ ಕೇಳಿ, ಯಾವ ದೇಶದವರು ಮೇಲಧಿಕಾರಿಗೆ ಎಷ್ಟು ಹೆದರುತ್ತಾರೆ, ಎಷ್ಟು ಒಟ್ಟಾಗಿರುತ್ತಾರೆ ಎಂದೆಲ್ಲ ಅಂಕ ಹಾಕಿ 1980ರಲ್ಲಿ ಪುಸ್ತಕ ಬರೆದಿದ್ದಾರೆ. ಒಳ್ಳೆಯ ಕೆಲಸವೇ. ದೊಡ್ಡವರ ಮುಖಕ್ಕೆ ಇಲ್ಲ ಎನ್ನದಿರುವ ವಿಷಯ ಅದರಲ್ಲೂ ಉಂಟು. ಆದರೆ ಆ 40ರಲ್ಲಿ ನೇಪಾಳ ಇರಲಿಲ್ಲ, ಭಾರತಕ್ಕೆ ಎಲ್ಲ ಸೇರಿ ಒಂದೇ ಅಂಕ. ನಮ್ಮ ಭಟ್ಟರಿಗೂ ಬಿಹಾರದ ಸಪ್ಲಾಯರನಿಗೂ ಒಂದೇ ಅಂಕ ಕೊಟ್ಟರೆ ಇಬ್ಬರೂ ಒಪ್ಪಲಾರರು. ದುಬೈಯಲ್ಲಿ ಹೋಟೆಲು ನಡೆಸುವ ನಮ್ಮ ಸ್ನೇಹಿತರೊಬ್ಬರ ಅಡಿಗೆಮನೆಯಲ್ಲಿ ಫಿಲಿಪ್ಪೀನ್ಸಿನವರು, ನೇಪಾಳದವರು, ಬೈಂದೂರಿನವರು ಒಟ್ಟಿಗಿದ್ದಾರೆ. ಅವರು ಹೇಳುವ ಪ್ರಕಾರ ಅಲ್ಲಿ ಹೆಚ್ಚು ಮನೆ ನೆನೆದು ಅಳುವವರು ಬೈಂದೂರಿನವರು. ಅಲ್ಲಿ ನಾವೇ ಬಹದ್ದೂರ್.

ಅವರ ಊರಿನ ಸುದ್ದಿಯ ಮೇಲೆ ಯಜಮಾನರ ಕಣ್ಣಿರಬೇಕು. 2015ರ ಏಪ್ರಿಲ್ 25ರ ಶನಿವಾರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ದಿಲ್ಲಿಯಲ್ಲೂ ನೆಲ ಅಲುಗಾಡಿತು, ಸಾಂಬಾರಿನ ಪಾತ್ರೆಯ ಮುಚ್ಚಳ ಗಲಗಲ ಎಂದಿತು. ಗಿರಾಕಿಗಳು ಹೊರಗೆ ಓಡಿ, ಐದು ನಿಮಿಷ ಕಳೆದು ಬಂದು ಅದೇ ದೋಸೆ ತಿಂದರು. ಟಿವಿಯಲ್ಲಿ ನೇಪಾಳದ ಸುದ್ದಿ ಬಂತು. ನಮ್ಮಲ್ಲಿ ಗೋರ್ಖಾ ಜಿಲ್ಲೆಯ ಇಬ್ಬರಿದ್ದರು. ಫೋನು ಹೋಗುತ್ತಿಲ್ಲ. ಅಂದೇ ಸಂಜೆ ಇಬ್ಬರ ಕೈಗೂ ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದೆವು. ಆ ದುಡ್ಡು ಮುಳುಗಿತು ಎಂದು ಪಕ್ಕದ ಹೋಟೆಲಿನವರು ಹೇಳಿದರು. ನಾಲ್ಕು ತಿಂಗಳ ಮೇಲೆ ಒಬ್ಬ ಬಂದ, ಮನೆ ಬಿದ್ದಿತ್ತು, ಜನ ಉಳಿದಿದ್ದರು. ಇನ್ನೊಬ್ಬ ಬರಲಿಲ್ಲ, ಅವನ ದುಡ್ಡನ್ನು ಇವನು ತನ್ನ ಸಂಬಳದಲ್ಲಿ ಕಡಿಯಿರಿ ಎಂದ. ನಾವು ಕಡಿಯಲಿಲ್ಲ. 2025ರ ಸೆಪ್ಟೆಂಬರ್ 4ರಂದು ಅಲ್ಲಿಯ ಸರ್ಕಾರ ವಾಟ್ಸಾಪು, ಫೇಸ್‌ಬುಕ್ಕು ನಿಲ್ಲಿಸಿ, ನಾಲ್ಕು ದಿನ ಕಳೆದು ಕಾಠ್ಮಂಡುವಿನಲ್ಲಿ ಗುಂಡು ಹಾರಿದಾಗಲೂ ಹೀಗೇ, ಹುಡುಗರ ಕೈ ಕೆಲಸದಲ್ಲಿತ್ತು, ಮನಸ್ಸು ಇರಲಿಲ್ಲ. ಆ ವಾರ ದೋಸೆ ಸೀದರೆ ಬೈಯಬೇಡಿ ಎಂದು ಭಟ್ಟರಿಗೆ ಹೇಳಿದೆವು. "ಅದನ್ನು ನೀವು ಹೇಳ್ಬೇಕಾ" ಎಂದರು.

ಭಟ್ಟರ ವಿಷಯ ಬಂದಾಗ ಇನ್ನೊಂದು ನೆನಪು. 2020ರಲ್ಲಿ ಕೊರೋನಾದಿಂದಾಗಿ ಹುಡುಗರಿಗೆ ದಶೈಂಗೆ ಊರಿಗೆ ಹೋಗಲಾಗಲಿಲ್ಲ. ಹೋಟೆಲಿನಲ್ಲಿ ಹೆಚ್ಚು ಗಿರಾಕಿಯೂ ಇರಲಿಲ್ಲ, ಪಾರ್ಸೆಲ್ ಮಾತ್ರ. ದಶಮಿಯ ಬೆಳಿಗ್ಗೆ ದಾಯ್ ಬಂದು, ಟೀಕಾ ಇಡಲು ಹಿರಿಯರು ಬೇಕು, ಭಟ್ಟರು ಇಡುತ್ತಾರಾ ಎಂದು ನಮ್ಮನ್ನು ಕೇಳಿದ. ನೇರವಾಗಿ ಅವರನ್ನು ಕೇಳಲು ಹೆದರಿಕೆ. ಮೊಸರು, ಅಕ್ಕಿ ಅಡಿಗೆಮನೆಯದೇ. ಜಮರಾವನ್ನು ಸ್ಟೋರಿನ ಕತ್ತಲೆಯಲ್ಲಿ ಹಳೆಯ ಇಡ್ಲಿ ಪಾತ್ರೆಯೊಳಗೆ ಬೆಳೆಸಿದ್ದರು, ನಮಗೂ ಗೊತ್ತಿರಲಿಲ್ಲ. ಭಟ್ಟರು ಕೈ ತೊಳೆದು, ಪಂಚೆ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತರು. ಒಂಬತ್ತು ಹುಡುಗರು ಸಾಲಾಗಿ ಬಂದರು, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಹಣೆಗೆ ಇಟ್ಟರು. ಕೊನೆಗೆ, ಟೀಕಾ ಇಟ್ಟವರು ಕೈಗೆ ದಕ್ಷಿಣೆ ಹಾಕಬೇಕು ಎಂದು ದಾಯ್ ಮೆಲ್ಲಗೆ ಹೇಳಿದ. ಭಟ್ಟರು ನಮ್ಮ ಕಡೆ ತಿರುಗಿ, "ಗಲ್ಲೆಯಿಂದ ಒಂಬೈನೂರು ತೆಗೀರಿ, ನನ್ನ ಲೆಕ್ಕಕ್ಕೆ ಬರ್ಕೊಳ್ಳಿ" ಎಂದರು.